ಮನೆ ಓವನ್‌ನಲ್ಲಿ ಬೆಂದ ಟ್ಯಾಪೆಟ್ ಕವರ್

ಅಪ್ಪನ ಮಾರುತಿ 800ರ ಟ್ಯಾಪೆಟ್ ಕವರ್ ಈಗ ಕೆಂಪಗಿದೆ. ಬಾನೆಟ್ ಎತ್ತಿದರೆ ಮೊದಲು ಕಾಣುವುದೇ ಅದು. ಆ ಕೆಂಪು ಬರುವಷ್ಟರಲ್ಲಿ ಮೇ ಹೋಗಿ ಜುಲೈ ಬಂದಿತ್ತು. ಒಂದೇ ಕವರಿಗೆ ಮೂರು ಸಲ ಬಣ್ಣ ಹಾಕಿ ಬೇಯಿಸಿದ್ದೆ. ಅವ್ವನ ಎರಡು ಚಾಪೆ ಸಂಡಿಗೆ ಕಸದ ಗಾಡಿ ಸೇರಿತ್ತು.

ಶುರುವಾಗಿದ್ದು ಎಣ್ಣೆ ಸೋರಿಕೆಯಿಂದ. ಟ್ಯಾಪೆಟ್ ಕವರ್ ಅಂದರೆ ಎಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳ. ಅದರ ಕೆಳಗೆ ಕ್ಯಾಮ್‌ಶಾಫ್ಟು, ರಾಕರುಗಳು ಎಣ್ಣೆಯಲ್ಲಿ ಮೀಯುತ್ತಾ ಕೆಲಸ ಮಾಡುತ್ತವೆ. ಮುಚ್ಚಳದ ಅಂಚಿಗೆ ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಪಟ್ಟಿ, ಅಂದರೆ ಗ್ಯಾಸ್ಕೆಟ್ ಇರುತ್ತದೆ. ನಮ್ಮದು ಕಾರ್ಬುರೇಟರ್ ಕಾಲದ ಗಾಡಿ, 796 ಸಿಸಿ, ಮೂರು ಸಿಲಿಂಡರ್. ಆ ಗ್ಯಾಸ್ಕೆಟ್ ಒಣಗಿ ಕಡ್ಡಿಯಂತಾಗಿತ್ತು. ಎಣ್ಣೆ ಇಳಿದು ಸೈಲೆನ್ಸರ್ ಕಡೆಯ ಬಿಸಿ ಲೋಹಕ್ಕೆ ತಾಗಿ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಸುಟ್ಟ ವಾಸನೆ. ಗ್ಯಾಸ್ಕೆಟ್ ಬದಲಿಸುವುದು ದೊಡ್ಡ ಕೆಲಸವಲ್ಲ, ಒಂದು ಪಾನಾ ಸಾಕು. ಆದರೆ ಕವರ್ ಕೈಗೆ ಬಂದಾಗ ನನಗೆ ಸುಮ್ನೆ ಇರಲಾಗಲಿಲ್ಲ. ಅಲ್ಯುಮಿನಿಯಂ ಎರಕ, ಮೇಲೆಲ್ಲ ಬೂದು ಜಿಡ್ಡು, ಅದರ ನಡುವೆ ಬಿಳಿ ಹುಗುಳು. ಹೇಗೂ ಬಿಚ್ಚಿದ್ದೇನೆ, ಪೌಡರ್ ಕೋಟಿಂಗ್ ಮಾಡಿಯೇ ಕೂರಿಸೋಣ ಅನ್ನಿಸಿತು.

"ಬಾನೆಟ್ ಒಳಗ ಯಾರು ನೋಡ್ತಾರಲೇ?" ಅಂದರು ಅಪ್ಪ.

ನಮ್ಮ ಮನೆ ಅನಗೋಳದಲ್ಲಿ. ಉದ್ಯಮಬಾಗ ಕೂಗಳತೆಯಲ್ಲಿದೆ. ಬೆಳಗಾವಿಯ ಫೌಂಡ್ರಿಗಳು, ಹೈಡ್ರಾಲಿಕ್ ಬಿಡಿಭಾಗ ಮಾಡುವವರು, ಲೇತಿನವರು ಎಲ್ಲ ಆ ಕಡೆಯೇ. ಪೌಡರ್ ಕೋಟಿಂಗ್ ಮಾಡುವವರೂ ಇದ್ದಾರೆ. ಹಾಗಾಗಿ ಮೊದಲು ಅಂಥ ಒಂದು ಶೆಡ್ಡಿಗೇ ಹೋದೆ. ಅವರು ಒಂದೇ ಪೀಸಿಗೆ ಕೆಂಪು ಹಾಕಲು ಒಪ್ಪಲಿಲ್ಲ. ತಪ್ಪು ಅವರದಲ್ಲ. ಬಣ್ಣ ಬದಲಿಸಬೇಕೆಂದರೆ ಬಣ್ಣದ ಪುಡಿ ಊದುವ ಗನ್ನು, ಪೈಪು, ಒಳಗೆ ನಿಲ್ಲಿಸಿ ಪುಡಿ ಹೊಡೆಯುವ ಬೂತು ಎಲ್ಲ ಗಾಳಿ ಹೊಡೆದು ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ಮುಂದಿನ ಬಿಳಿ ಕೆಲಸದ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. "ಇವತ್ತು ಪ್ಯಾನೆಲ್ ಬೋರ್ಡಿನ ಬೂದಿ ಬಣ್ಣ ನಡದೈತ್ರಿ, ಅದ್ರಾಗ ಬೇಕಾದ್ರ ತೂಗಹಾಕ್ತೇವಿ" ಅಂದರು. ಕರೆಂಟಿನ ಡಬ್ಬಿಯ ಬಣ್ಣದ ಎಂಜಿನ್ ನನಗೆ ಬೇಡವಾಗಿತ್ತು. ಅವತ್ತು ಆ ಬೂದಿ ಬಣ್ಣಕ್ಕೆ ಹೂಂ ಅಂದಿದ್ದರೆ ಈ ಕಥೆ ಒಂದು ಸಂಜೆಗೆ ಮುಗಿಯುತ್ತಿತ್ತು.

ಪೌಡರ್ ಕೋಟಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಥಿನ್ನರ್ ಇಲ್ಲ, ಡಬ್ಬಿ ಪೇಂಟ್ ಇಲ್ಲ. ಮೈದಾ ಹಿಟ್ಟಿನಷ್ಟು ನುಣ್ಣಗಿನ ಒಣ ಪುಡಿ, ಅದರಲ್ಲಿ ರಾಳ ಮತ್ತು ಬಣ್ಣ. ಗನ್ನು ಆ ಪುಡಿಗೆ ಸಾವಿರಾರು ವೋಲ್ಟಿನ ವಿದ್ಯುತ್ತಿನ ಚಾರ್ಜ್ ಕೊಟ್ಟು ಮೆಲ್ಲಗೆ ಊದುತ್ತದೆ. ಲೋಹದ ತುಂಡಿಗೆ ಅರ್ಥ್ ಕೊಟ್ಟಿರುತ್ತೇವೆ, ಪುಡಿ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಓವನ್. ಸಾಮಾನ್ಯ ಪಾಲಿಯೆಸ್ಟರ್ ಪುಡಿಗೆ ಲೋಹ 200 ಡಿಗ್ರಿ ಮುಟ್ಟಿದ ಮೇಲೆ ಸುಮಾರು 10 ನಿಮಿಷ ಬೇಕು. ಪುಡಿ ಕರಗಿ, ಹರಡಿ, ಗಟ್ಟಿಯಾಗುತ್ತದೆ. ಇದು ಬೆಲ್ಲ ಕರಗಿ ಮತ್ತೆ ಗಟ್ಟಿಯಾದ ಹಾಗಲ್ಲ, ಮೊಟ್ಟೆ ಬೆಂದ ಹಾಗೆ. ಒಮ್ಮೆ ಬೆಂದದ್ದು ಮತ್ತೆ ಕಾಯಿಸಿದರೂ ಕರಗುವುದಿಲ್ಲ. ಅದಕ್ಕೇ ಎಂಜಿನ್ ಬಿಸಿಗೆ, ಪೆಟ್ರೋಲಿನ ಹನಿಗೆ ಅದು ಜಗ್ಗುವುದಿಲ್ಲ. ಹಾಗಂತ ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಹಾಕಿಬಿಡಬೇಡಿ. ಅಲ್ಲಿನ ಬಿಸಿಯೇ ಬೇರೆ, ಮಾಮೂಲಿ ಪುಡಿ ಸುಟ್ಟು ಉದುರುತ್ತದೆ.

ಸಣ್ಣ ಕೆಲಸದ ಗನ್ನೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಟೈರಿಗೆ ಗಾಳಿ ಹಾಕುವ ಪುಟ್ಟ ಕಂಪ್ರೆಸರ್ ಮನೆಯಲ್ಲೇ ಇತ್ತು, ನೀರು ಹಿಡಿಯುವ ಫಿಲ್ಟರ್ ಮಾತ್ರ ಹೊಸದಾಗಿ ಸೇರಿಸಿದೆ. ಓವನ್ ಸೆಕೆಂಡ್ ಹ್ಯಾಂಡ್, 60 ಲೀಟರಿನದು. ಮಾರಿದವರು ಅದರಲ್ಲಿ ಕೇಕ್ ಮಾಡುತ್ತಿದ್ದರಂತೆ. ಇನ್ನು ಮೇಲೆ ಅದರಲ್ಲಿ ಒಂದು ಪಾವ್ ಬ್ರೆಡ್ಡು ಕೂಡ ಬಿಸಿ ಮಾಡುವಂತಿಲ್ಲ. ಪುಡಿ ಬೇಯುವಾಗ ಹೊರಡುವ ಹೊಗೆ ಒಳಗೆಲ್ಲ ಕೂತುಬಿಡುತ್ತದೆ. ಅಡಿಗೆಮನೆ ಓವನ್‌ನಲ್ಲಿ ಒಂದೇ ಸಲ ಮಾಡಿ ತೊಳೆದಿಡೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ, ದಯವಿಟ್ಟು ಬೇಡ.

ಮೊದಲ ಪಾಠ ಪ್ಲಗ್ಗಿನದು. ಓವನ್ 2000 ವ್ಯಾಟ್ ಎಳೆಯುತ್ತದೆ, ಅಂದರೆ ಹತ್ತಿರ ಹತ್ತಿರ 9 ಆಂಪಿಯರ್. ನಾನು ಹಿತ್ತಲ ಶೆಡ್ಡಿನಲ್ಲಿ ಬಲ್ಬಿಗೆಂದು ಹಾಕಿಸಿದ್ದ 6 ಆಂಪಿಯರಿನ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಹಚ್ಚಿ ಚುಚ್ಚಿದ್ದೆ. ಖಾಲಿ ಓವನ್ ಕಾಯಿಸಿ ನೋಡುವಾಗಲೇ ಮೀನಿನಂಥ ವಾಸನೆ ಬಂತು. ಸಾಕೆಟ್ಟಿನ ಮೂತಿ ಕರಗಿ ಓರೆಯಾಗಿತ್ತು. ಮರುದಿನ ಎಲೆಕ್ಟ್ರಿಶಿಯನ್ ಕರೆಸಿ, ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ವೈರ್ ಎಳೆಸಿ, 16 ಆಂಪಿಯರಿನ ಪವರ್ ಪ್ಲಗ್ ಹಾಕಿಸಿದೆ.

ಕವರ್ ತೊಳೆಯಲು ಒಂದಿಡೀ ಭಾನುವಾರ ಹೋಯಿತು. ಡೀಸೆಲ್ಲಿನಲ್ಲಿ ನೆನೆಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿದೆ. ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ಎರಡು ಸಲ ತೊಳೆದೆ. ತಂತಿ ಬ್ರಷ್ಷು, ಎಮರಿ ಕಾಗದ. ಕೊನೆಗೆ ಅಸಿಟೋನ್ ಒರೆಸಿದ ಬಿಳಿ ಬಟ್ಟೆ ಬಿಳಿಯಾಗೇ ಉಳಿಯಿತು. ಇಷ್ಟು ಸ್ವಚ್ಛ ನಮ್ಮ ಮನೆಯ ಊಟದ ತಟ್ಟೆಯೂ ಇರಲಿಕ್ಕಿಲ್ಲ ಅಂದುಕೊಂಡೆ. ಈ ಹೆಮ್ಮೆ ಎರಡು ದಿನ ಬಾಳಿತು.

ಪುಡಿ ಹೊಡೆಯಲು ಮಾಳಿಗೆ ಹತ್ತಿದೆ. ಗಾಳಿಯಾಡುವ ಜಾಗ ಒಳ್ಳೆಯದು ಅಂತ ನನ್ನ ಲೆಕ್ಕ. ಬಟ್ಟೆ ಒಣಹಾಕುವ ಕಬ್ಬಿಣದ ಪೈಪಿಗೆ ತಂತಿ ಕೊಕ್ಕೆ ಹಾಕಿ ಕವರ್ ತೂಗಿಬಿಟ್ಟು, ಕೊಕ್ಕೆಗೆ ಗನ್ನಿನ ಅರ್ಥ್ ಕ್ಲಿಪ್ ಕಚ್ಚಿಸಿದೆ. ಗುಂಡಿ ಒತ್ತಿದೆ. ಕೆಂಪು ಮೋಡ ಹೊರಟು ಕವರ್ ಸುತ್ತ ಬಳಸಿಕೊಂಡು ಹಿಂಬದಿಗೂ ಹೋಗಿ ಕೂತಿತು. ನೋಡಲು ನಿಜಕ್ಕೂ ಚಂದ. ಅಂಟದೆ ಉಳಿದ ಪುಡಿ ಎಲ್ಲಿಗೆ ಹೋಯಿತು ಅಂತ ತಿರುಗಿ ನೋಡಿದರೆ, ಮಾಳಿಗೆಯ ಇನ್ನೊಂದು ಮೂಲೆಯಲ್ಲಿ ಅವ್ವ ಹಾಕಿದ್ದ ಸಂಡಿಗೆಯ ಮೇಲೆ ತೆಳುವಾಗಿ ಕುಂಕುಮ ಉದುರಿದ ಹಾಗೆ ಕಾಣುತ್ತಿತ್ತು.

"ಒರಸಿ ತಿನ್ನೂಣು ಬಿಡವ್ವಾ" ಅನ್ನುವ ಮಾತೇ ಇರಲಿಲ್ಲ. ಅದು ರಾಳದ ಪುಡಿ. ಎರಡೂ ಚಾಪೆ ಸುತ್ತಿ ಎಸೆದೆವು. ಅವತ್ತಿನಿಂದ ನನ್ನ ಕಾರ್ಖಾನೆ ಹಿತ್ತಲ ಶೆಡ್ಡಿಗೆ ಇಳಿಯಿತು. ದೊಡ್ಡ ರಟ್ಟಿನ ಡಬ್ಬದ ಒಂದು ಬದಿ ಕತ್ತರಿಸಿ ಅದನ್ನೇ ಬೂತು ಮಾಡಿಕೊಂಡೆ. ಮುಖಕ್ಕೆ ಬಟ್ಟೆಯ ಮಾಸ್ಕ್ ಸಾಲುವುದಿಲ್ಲ, ಒಂದು ಸಲ ಮೂಗು ಸೀಟಿದಾಗ ಕೆಂಪು ಬಂದರೆ ಗೊತ್ತಾಗುತ್ತದೆ. ಫಿಲ್ಟರ್ ಇರುವ ರೆಸ್ಪಿರೇಟರ್ ತಂದೆ. ಇನ್ನೊಂದು ಮಾತು, ಗಾಳಿಯಲ್ಲಿ ದಟ್ಟವಾಗಿ ತೇಲುವ ಇಂಥ ಪುಡಿಗೆ ಕಿಡಿ ಸೋಕಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಿಟ್ಟಿನ ಧೂಳಿಗೂ ಅದೇ ಗುಣ. ಹಾಗಾಗಿ ಪುಡಿ ಹೊಡೆಯುವಾಗ ಓವನ್ ಆಫ್, ಬೀಡಿ ಸೇದುವವರು ಹೊರಗೆ. ಸಂಜೆ ಅವ್ವ ಊದಿನಕಡ್ಡಿ ಹಿಡಿದು ಹಿತ್ತಲಿಗೆ ಬಂದರೂ ನಾನು ಕೈ ಅಡ್ಡ ಮಾಡುತ್ತಿದ್ದೆ.

ಇರಲಿ, ಮೊದಲ ಬೇಯಿಸುವಿಕೆ. ಓವನ್ನಿನ ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಮೊದಲು ಏನೂ ಆಗುವುದಿಲ್ಲ, ಮಬ್ಬು ಕೆಂಪು. ಆಮೇಲೆ ತೆಳು ಅಂಚುಗಳು ಒದ್ದೆಯಾದಂತೆ ಕಾಣುತ್ತವೆ. ಆ ಒದ್ದೆ ಮೆಲ್ಲಗೆ ಒಳಕ್ಕೆ ಹರಿಯುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಇಡೀ ಕವರ್ ಹೊಸ ಬಳೆಯಂತೆ ಹೊಳೆಯಿತು. ಮನೆಯವರನ್ನೆಲ್ಲ ಕರೆದೆ. ಅವರು ಬರುವಷ್ಟರಲ್ಲಿ ನಡುವಿನ ಭಾಗದಲ್ಲಿ ಒಂದು ಗುಳ್ಳೆ ಎದ್ದಿತು. ಇನ್ನೊಂದು. ಒಂದು ಗುಳ್ಳೆ ಒಡೆದು ಸೂಜಿ ಮೊನೆಯಷ್ಟು ತೂತು ಬಿಟ್ಟಿತು. ಹೊರಗೆ ತೆಗೆದಾಗ ಅದಕ್ಕೆ ಮೈಲಿ ಎದ್ದಂತಿತ್ತು.

ನಮ್ಮ ಬೀದಿಯಲ್ಲೇ ಒಬ್ಬ ಕಾಕಾ ಇದ್ದಾರೆ. ಇಡೀ ಆಯುಷ್ಯ ಫೌಂಡ್ರಿಯಲ್ಲಿ ಎರಕ ಹೊಯ್ದವರು, ಈಗ ಮನೆಯಲ್ಲಿದ್ದಾರೆ. ತೋರಿಸಿದೆ. ಅವರು ಬಣ್ಣ ನೋಡಲೇ ಇಲ್ಲ. ತೂತಿನ ಮೇಲೆ ಉಗುರು ಆಡಿಸಿದರು.

"ತಮ್ಮಾ, ಇದು ಎರಕ. ಕಣ್ಣಿಗೆ ಕಾಣಲಾರದಂಥಾ ರಂಧ್ರ ಮೈತುಂಬ ಇರ್ತಾವು. ಇಷ್ಟು ವರ್ಷ ಎಣ್ಣಿ ಕುಡದು ಕುಂತೈತಿ. ನೀ ಮ್ಯಾಲ ಒರಸಿದಿ. ಒಳಗಿಂದು ಯಾರು ಒರಸವರು?"

"ಹಂಗಾರ ಏನ್ ಮಾಡೂದ್ರಿ ಕಾಕಾ?"

"ಬಣ್ಣ ಹಚ್ಚೂಕಿಂತ ಮೊದ್ಲ ಬರೇ ಮೈಲೆ ಬೇಸು. ಬಣ್ಣಕ್ಕ ಎಷ್ಟ ಕಾವು ಕೊಡ್ತಿ, ಅದಕ್ಕಿಂತ ಜಾಸ್ತಿ ಕೊಡು. ಹೊಗಿ ನಿಲ್ಲೂ ತನಕಾ ಬೇಸು."

ಹೊಗೆ ನಿಲ್ಲುವ ತನಕ. ಇಡೀ ಪೌಡರ್ ಕೋಟಿಂಗ್ ವಿದ್ಯೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮೂರು ಶಬ್ದ. ಗನ್ನಿನ ಜೊತೆ ಬಂದ ಕಾಗದದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಆದರೆ ಅದಕ್ಕೂ ಮೊದಲು ಬೆಂದ ಬಣ್ಣ ಕೀಳಬೇಕಲ್ಲ. ಪೌಡರ್ ಕೋಟಿಂಗ್ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಅದನ್ನು ಹಾಕಿ ನೋಡಬಾರದು, ತೆಗೆದು ನೋಡಬೇಕು. ಎಮರಿ ಕಾಗದ ಸವೆಯಿತು, ಬಣ್ಣ ಸವೆಯಲಿಲ್ಲ. ಗಟಾರ ಕಟ್ಟಿದಾಗ ಹಾಕುವ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿದರೆ ಬಣ್ಣ ಬಿಡುತ್ತದೆ ಅಂತ ಯಾರೋ ಹೇಳಿದರು. ಪುಣ್ಯಕ್ಕೆ ಕವರ್ ಹಾಕದೆ ಒಂದು ಬೇಡವಾದ ಅಲ್ಯುಮಿನಿಯಂ ತುಂಡು ಹಾಕಿ ನೋಡಿದೆ. ಸೋಡಾ ಬಾಟಲಿ ಒಡೆದಂತೆ ಬುಸುಗುಟ್ಟಿತು, ಬಕೆಟ್ ಬಿಸಿಯಾಯಿತು. ತುಂಡು ಕಪ್ಪಾಗಿ ಮೈ ಕೊರೆದುಕೊಂಡು ಹೊರಬಂತು. ಕಾಸ್ಟಿಕ್ ಕಬ್ಬಿಣಕ್ಕೆ ನಡೆಯುತ್ತದೆ, ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಮೇಲಾಗಿ ಆ ಬುಸುಗುಟ್ಟುವ ಗಾಳಿ ಹೈಡ್ರೋಜನ್, ಬೆಂಕಿ ಹಿಡಿಯುವಂಥದ್ದು. ಕೊನೆಗೆ ಪೇಂಟ್ ರಿಮೂವರ್ ತಂದು ಬಳಿದು, ಮೇಲೆ ಪ್ಲಾಸ್ಟಿಕ್ ಸುತ್ತಿಟ್ಟೆ. ಸ್ವಲ್ಪ ಹೊತ್ತಿಗೆ ಬಣ್ಣ ಹಾವಿನ ಪೊರೆಯಂತೆ ಸುಕ್ಕುಗಟ್ಟಿ ಎದ್ದಿತು. ಕೈಗವಸು ಹಾಕಿಕೊಂಡೇ ಮಾಡಿ. ಒಂದು ಹನಿ ಮಣಿಕಟ್ಟಿಗೆ ಬಿದ್ದು ಚುರ್ ಅಂದದ್ದು ಈಗಲೂ ನೆನಪಿದೆ.

ಇಷ್ಟೆಲ್ಲ ಯಾಕೆ, ರಭಸದ ಗಾಳಿಯಲ್ಲಿ ಮರಳು ಹೊಡೆದು ಮೈ ಕೆರೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಐದು ನಿಮಿಷದ ಕೆಲಸ ಅಂದುಕೊಂಡು ಉದ್ಯಮಬಾಗಕ್ಕೆ ಹೊರಟೆ. ಗೇಟಿನ ಹತ್ತಿರ ಕಾಕಾ ತಡೆದರು. ಕವರ್ ಇಸಿದುಕೊಂಡು ತಿರುವಿ ಒಳಬದಿ ತೋರಿಸಿದರು. ಅಲ್ಲಿ ಒಂದು ತಗಡಿನ ತಟ್ಟೆ ಕೂತಿದೆ, ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿಗೆ ಎಣ್ಣೆ ಹಾರದಿರಲಿ ಅಂತ. ಅದರ ಹಿಂದೆ ಬೆರಳೂ ಹೋಗದಷ್ಟು ಸಂದು.

"ಇದರ ಹಿಂದ ಮರಳ ಹೋತಂದ್ರ ಯಾವಾಗ ಹೊರಗ ಬರತೈತಿ ಹೇಳು."

ಯಾವಾಗ ಅಂತ ನನಗೂ ಹೊಳೆಯಿತು. ಎಂಜಿನ್ ಚಾಲೂ ಮಾಡಿ ಎಣ್ಣೆ ಸಿಡಿದ ಮೇಲೆ. ಎಣ್ಣೆಯ ಜೊತೆ ಆ ಕಾಳು ಕ್ಯಾಮ್‌ಶಾಫ್ಟಿಗೆ, ಬೇರಿಂಗಿಗೆ ಹೋಗುತ್ತದೆ. ಮೇಲೆ ಕೆಂಪು ಬಣ್ಣ, ಒಳಗೆ ಎಂಜಿನ್ ಕೆಲಸಕ್ಕೆ ಸಾವಿರಗಟ್ಟಲೆ ಬಿಲ್ಲು. ಕವರ್ ಮನೆಗೆ ವಾಪಸು ಬಂತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಹಿಡಿದಿಡುವ, ಒಳಸಂದು ಇಲ್ಲದ ಬ್ರಾಕೆಟ್ಟುಗಳನ್ನು ಮಾತ್ರ ಬ್ಲಾಸ್ಟಿಂಗಿಗೆ ಕೊಟ್ಟೆ. ಅವು ಹಿಮ ಬಿದ್ದಂಥ ಮಬ್ಬು ಬಿಳಿಯಾಗಿ ಬಂದವು. ಆ ಒರಟು ಮೈಗೆ ಪುಡಿ ಚೆನ್ನಾಗಿ ಕಚ್ಚುತ್ತದೆ, ಅದು ಮಾತ್ರ ಒಪ್ಪಲೇಬೇಕು.

ಎರಡನೇ ಸಲ ಕಾಕಾ ಹೇಳಿದಂತೆ ಬರೀ ಕವರ್ ಅನ್ನು 230 ಡಿಗ್ರಿಯಲ್ಲಿ ಒಂದು ತಾಸು ಬೇಯಿಸಿದೆ. ಹೊಗೆ ಬಂತು ನೋಡಿ. ಜೊತೆಗೆ ಬೋಲ್ಟಿನ ತೂತಿನ ಸುತ್ತ ಜೇನಿನ ಬಣ್ಣದ ಎಣ್ಣೆ ಬೆವರಿನಂತೆ ಒಸರಿತ್ತು. ಅಸಿಟೋನ್ ಒರೆಸಿದರೂ ಬಿಳಿಯಾಗೇ ಉಳಿದಿದ್ದ ಬಟ್ಟೆ ಈಗ ಕಂದಾಯಿತು. ಕವರ್ ಪೂರ್ತಿ ಆರಿದ ಮೇಲೆ ಒರೆಸುವುದು, ಮತ್ತೆ ಬೇಯಿಸುವುದು. ಬಿಸಿ ಲೋಹಕ್ಕೆ ಅಸಿಟೋನ್ ಮುಟ್ಟಿಸಬಾರದು, ಹೊತ್ತಿಕೊಳ್ಳುತ್ತದೆ. ಮೂರನೇ ಸುತ್ತಿಗೆ ಹೊಗೆ ನಿಂತಿತು.

ಈಗ ಪುಡಿ ಹೊಡೆಯಲು ನಿಂತರೆ ಪುಡಿ ಅಂಟುತ್ತಲೇ ಇಲ್ಲ. ಗನ್ನು ಊದುತ್ತದೆ, ಪುಡಿ ಕವರಿಗೆ ತಾಗಿ ಹಿಟ್ಟಿನ ಗಿರಣಿಯ ಧೂಳಿನಂತೆ ಕೆಳಗೆ ಇಳಿಯುತ್ತದೆ. ಗನ್ನು ಕೆಟ್ಟಿತು ಅಂದುಕೊಂಡೆ. ಪುಡಿ ಕೆಟ್ಟಿತು ಅಂದುಕೊಂಡೆ. ಮನೆಯ ಅರ್ಥಿಂಗ್ ಮೇಲೆ ಅನುಮಾನ ಬಂದು, ಅಂಗಳದ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿದೆ. ನಮ್ಮದು ಇದ್ದಿಲು, ಉಪ್ಪು ಹಾಕಿ ಪೈಪ್ ಹೂಳಿದ ಹಳೇ ಗುಂಡಿ, ಬೇಸಿಗೆಯಲ್ಲಿ ಒಣಗಿಬಿಡುತ್ತದೆ. ಏನೂ ಫರಕು ಇಲ್ಲ. ಕೊನೆಗೆ ಮಲ್ಟಿಮೀಟರ್ ತಂದು ಒಂದು ಕಡ್ಡಿ ಅರ್ಥ್ ಕ್ಲಿಪ್ಪಿಗೆ, ಇನ್ನೊಂದು ಕಡ್ಡಿ ಕವರಿಗೆ ಹಿಡಿದೆ. ಬೀಪ್ ಇಲ್ಲ, ಅಂದರೆ ನಡುವೆ ಕರೆಂಟು ಹಾಯುತ್ತಿಲ್ಲ. ಕ್ಲಿಪ್ಪಿನಿಂದ ಕವರಿನವರೆಗೆ ಇರುವುದು ಒಂದೇ ಒಂದು ಸಾಮಾನು, ಕೊಕ್ಕೆ. ಅದು ಮೊದಲ ಸಲದ ಕೊಕ್ಕೆ. ಕವರ್ ಜೊತೆ ಅದಕ್ಕೂ ಬಣ್ಣ ಹತ್ತಿತ್ತು, ಅದೂ ಜೊತೆಗೇ ಬೆಂದಿತ್ತು. ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ಕು, ಕರೆಂಟು ಹಾಯುವುದಿಲ್ಲ. ಚಾಕುವಿನಿಂದ ಕೊಕ್ಕೆಯ ಎರಡು ತುದಿ ಹೆರೆದ ಕೂಡಲೇ ಬೀಪ್ ಬಂತು. ಆಮೇಲೆ ಪುಡಿ ಬೇಡ ಬೇಡ ಅಂದರೂ ಅಂಟಿತು. ನಾನು ಅರ್ಧ ದಿನ ಗನ್ನು ಬಿಚ್ಚಿ ಕೂತಿದ್ದೆ, ಒಂದು ಗೇಣು ತಂತಿಗಾಗಿ.

ಆದರೂ ಎರಡನೇ ಸಲವೂ ಕೆಟ್ಟಿತು. ಅದಕ್ಕೆ ಕಾರಣ ನನ್ನ ಜಾಣತನ. ಓವನ್ನಿನ ತಿರುಪು ತೋರಿಸುವ ಡಿಗ್ರಿ ನಂಬಬಾರದು ಅಂತ ಗೊತ್ತಿತ್ತು, ಅದಕ್ಕೇ ಜ್ವರ ನೋಡುವ ಗನ್ನಿನ ಹಾಗಿರುವ, ದೂರದಿಂದಲೇ ಬಿಸಿ ಅಳೆಯುವ ಮೀಟರ್ ತಂದಿದ್ದೆ. ಬಾಗಿಲು ತುಸು ತೆರೆದು ಕವರಿನ ಬಣ್ಣವಿಲ್ಲದ ಒಳಬದಿಗೆ ಹಿಡಿದರೆ 110 ತೋರಿಸಿತು. ಇನ್ನೂ ಬೆಂದಿಲ್ಲ ಅಂತ ಕಾವು ಏರಿಸಿದೆ. ಮತ್ತೆ ನೋಡಿದರೆ 120. ಮತ್ತೆ ಏರಿಸಿದೆ. ಹೊಳೆಯುವ ಬರೀ ಅಲ್ಯುಮಿನಿಯಂ ಮೇಲೆ ಆ ಮೀಟರ್ ಯಾವಾಗಲೂ ಕಡಿಮೆ ತೋರಿಸುತ್ತದೆ. ಅಂಥ ಲೋಹ ಎಷ್ಟೇ ಬಿಸಿಯಿದ್ದರೂ ಮೀಟರಿಗೆ ಬೇಕಾದಷ್ಟು ಶಾಖ ಹೊರಗೆ ಬೀರುವುದಿಲ್ಲ. ಇದು ಆಮೇಲೆ ತಿಳಿಯಿತು. ಕವರ್ ಹೊರಗೆ ತೆಗೆದಾಗ ಓವನ್ನಿನ ಸರಳುಗಳ ಕಡೆಗಿದ್ದ ಬದಿ ಬಾಣಲೆಯಲ್ಲಿ ಸೀದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಇದ ಚಲೋ ಕಾಣತೈತಿ ಬಿಡ" ಅಂದರು ಅಪ್ಪ. ಅವರಿಗೆ ಗಾಡಿ ಬೇಕಾಗಿತ್ತು ಅಷ್ಟೆ. ತಿಂಗಳಾಗಿತ್ತು, ಎಂಜಿನ್ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ ನಿಲ್ಲಿಸಿದ್ದೆ.

ಮೂರನೇ ಸಲದ ಹೊತ್ತಿಗೆ ಮಳೆ ಹಿಡಿದಿತ್ತು. ಬೆಳಗಾವಿಯ ಜುಲೈ ಗೊತ್ತಲ್ವಾ, ಒಗೆದ ಬನಿಯನ್ನು ಒಣಗಲು ನಾಲ್ಕು ದಿನ. ಪುಡಿಯೂ ತೇವ ಹೀರಿ ಗಂಟು ಗಂಟಾಗಿತ್ತು, ಗನ್ನು ಉಗುಳಿ ಉಗುಳಿ ಹೊಡೆಯುತ್ತಿತ್ತು. ಹಳೇ ಜರಡಿಯೊಂದನ್ನು ಅವ್ವನಿಂದ ಕೇಳಿ ಪಡೆದು ಪುಡಿ ಜರಡಿ ಹಿಡಿದೆ. ಉಳಿದದ್ದನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಜೊತೆಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಇಟ್ಟೆ. ಈ ಜರಡಿಯೂ ಓವನ್ನಿನ ಹಾಗೆ ಇನ್ನು ಅಡಿಗೆಮನೆಗೆ ಹೋಗುವಂತಿಲ್ಲ.

ಸೀದ ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅದನ್ನು ಪೂರ್ತಿ ಕೀಳದೆ ಎಮರಿಯಲ್ಲಿ ಮಬ್ಬು ಮಾಡಿ ಮೇಲೆ ಇನ್ನೊಂದು ಪದರ ಹಾಕುವುದೆಂದುಕೊಂಡೆ. ಆದರೆ ಈಗಾಗಲೇ ಪ್ಲಾಸ್ಟಿಕ್ ಮೈ ಇರುವುದರ ಮೇಲೆ ಚಾರ್ಜಿನ ಪುಡಿ ಸರಿಯಾಗಿ ಕೂರುವುದಿಲ್ಲ. ಉಪಾಯ ಏನೆಂದರೆ ತುಂಡನ್ನೇ ಬಿಸಿ ಮಾಡಿ ಪುಡಿ ಹೊಡೆಯುವುದು, ಮುಟ್ಟಿದಲ್ಲೇ ಕರಗಿ ಅಂಟುತ್ತದೆ. ಹೊಸ ಉಪಾಯ ಅಂತ ಬೀಗಬೇಕಿಲ್ಲ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಈ ಕೆಲಸ ಶುರು ಮಾಡಿದ್ದೇ ಹಾಗೆ. ಗಾಳಿ ಊದಿ ನೀರಿನಂತೆ ಕುದಿಯುವ ಪುಡಿಯ ತೊಟ್ಟಿಯಲ್ಲಿ ಬಿಸಿ ಲೋಹ ಅದ್ದುತ್ತಿದ್ದರು. ಚಾರ್ಜ್ ಕೊಡುವ ಗನ್ನು ಆಮೇಲೆ ಬಂತು.

ಈ ಸಲ ಬಿಸಿ ಅಳೆಯಲು ಮಲ್ಟಿಮೀಟರಿನ ತೆಳು ತಂತಿಯ ಥರ್ಮೋಕಪಲ್ ಬಳಸಿದೆ. ಕವರಿನ ಒಂದು ಬೋಲ್ಟಿನ ತೂತಿಗೆ ಅದರ ತುದಿ ಇಟ್ಟು, ವಾಷರ್ ಹಾಕಿ ಬಿಗಿದು, ತಂತಿಯನ್ನು ಬಾಗಿಲ ಸಂದಿನಿಂದ ಹೊರಗೆ ತಂದೆ. ಸರಳು ಮತ್ತು ಕವರಿನ ನಡುವೆ ಒಂದು ತಗಡು ಅಡ್ಡ ಇಟ್ಟೆ. ಓವನ್ನಿನ ತಿರುಪು 200ರಲ್ಲಿ ನಿಂತಾಗ ಲೋಹ ಇನ್ನೂ 140ರಲ್ಲಿತ್ತು. 200 ಮುಟ್ಟಲು ಮುಕ್ಕಾಲು ತಾಸಿನ ಹತ್ತಿರ ಹೋಯಿತು. ಗಡಿಯಾರ ಅಲ್ಲಿಂದ ಶುರು.

ಆರನೇ ನಿಮಿಷಕ್ಕೆ ಕರೆಂಟ್ ಹೋಯಿತು.

ಮಳೆಗಾಲದಲ್ಲಿ ಅದೇನು ಹೊಸದಲ್ಲ. ಬಾಗಿಲು ತೆರೆಯದೆ ಸುಮ್ನೆ ಕೂತೆ. ಕರೆಂಟ್ ಬಂದ ಮೇಲೆ ಮತ್ತೆ 200ಕ್ಕೆ ಏರಿಸಿ ಪೂರ್ತಿ 10 ನಿಮಿಷ ಕೊಟ್ಟೆ. ಆರಿದ ಮೇಲೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಥಿನ್ನರ್ ಬಟ್ಟೆ ಹಿಡಿದು ಇಪ್ಪತ್ತು ಮೂವತ್ತು ಸಲ ತಿಕ್ಕಿದೆ. ಬಣ್ಣ ಮೆತ್ತಗಾಗಲಿಲ್ಲ, ಬಟ್ಟೆಗೆ ಹತ್ತಲಿಲ್ಲ. ಅರೆಬೆಂದಿದ್ದರೆ ಅಂಟಂಟಾಗಿ ಬಟ್ಟೆ ಕೆಂಪಾಗುತ್ತಿತ್ತು. ಹತ್ತಿರದಿಂದ ನೋಡಿದರೆ ಮೈ ಸ್ವಲ್ಪ ಕಿತ್ತಳೆ ಸಿಪ್ಪೆಯಂತಿದೆ, ಎರಡು ಪದರ ಆದದ್ದಕ್ಕೆ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಕಾಗೆ ಗೊತ್ತಾಯಿತು.

ಮಾಸ್ಕಿಂಗ್, ಅಂದರೆ ಬಣ್ಣ ತಾಗಬಾರದ ಜಾಗ ಮುಚ್ಚಿಡುವುದು, ಅದರ ಬಗ್ಗೆ ಹೇಳುವುದೇ ಮರೆತೆ. ಬಣ್ಣ ಎಲ್ಲಿ ಹಾಕಬೇಕು ಅನ್ನುವುದಕ್ಕಿಂತ ಎಲ್ಲಿ ಹಾಕಬಾರದು ಅನ್ನುವುದೇ ದೊಡ್ಡ ಲೆಕ್ಕ. ಗ್ಯಾಸ್ಕೆಟ್ ಕೂರುವ ಅಂಚಿಗೆ ಬಣ್ಣ ಬಿದ್ದರೆ ಮತ್ತೆ ಸೋರಿಕೆ. ಬೋಲ್ಟಿನ ವಾಷರ್ ಕೂರುವ ಬಟ್ಟಲಿಗೆ ಬಿದ್ದರೆ ಬಿಗಿದಾಗ ಒಡೆದು ಬೋಲ್ಟು ಸಡಿಲ. ಒಳಮೈಗೆ ಹಾಕಿದರೆ ಮುಂದೊಂದು ದಿನ ಚಕ್ಕೆ ಎದ್ದು ಎಣ್ಣೆಗೆ ಬೀಳಬಹುದು. ಬಿಸಿ ತಡೆಯುವ ಜೇನುಬಣ್ಣದ ಪಾಲಿಇಮೈಡ್ ಟೇಪು ಸಿಗುತ್ತದೆ, ಮೊಬೈಲ್ ರಿಪೇರಿಯವರು ಬಳಸುವಂಥದ್ದು. ಅದನ್ನು ಅಂಚಿನ ಉದ್ದಕ್ಕೂ ಅಂಟಿಸಿ, ಉಗುರಿನಿಂದ ಮೂಲೆ ಒತ್ತಿ, ಹೊರಗೆ ಚಾಚಿದ್ದನ್ನು ಬ್ಲೇಡಿನಿಂದ ಕೊಯ್ದೆ. ಬೆಂದ ಮೇಲೆ ಟೇಪನ್ನು ತುಂಡು ಇನ್ನೂ ಬೆಚ್ಚಗಿರುವಾಗಲೇ ಕೀಳಬೇಕು. ಪೂರ್ತಿ ಆರಿದ ಮೇಲೆ ಕಿತ್ತರೆ ಬಣ್ಣದ ಅಂಚೂ ಹಪ್ಪಳದಂತೆ ಮುರಿದು ಬರುತ್ತದೆ. ತೂತುಗಳಿಗೆ ಹಳೇ ಬೋಲ್ಟು ತಿರುಗಿಸಿಟ್ಟಿದ್ದೆ. ರಬ್ಬರಿನದು ಎಲ್ಲ ಮೊದಲೇ ಹೊರಗೆ. ಎಣ್ಣೆ ಹಾಕುವ ಮುಚ್ಚಳ, ಪೈಪಿನ ವಾಷರ್, ಒಂದೂ ಬಿಡಬಾರದು. ಟೈಮಿಂಗ್ ಬೆಲ್ಟಿನ ಕವರ್ ಪ್ಲಾಸ್ಟಿಕ್ಕಿನದು, ಅದನ್ನೂ ಕೆಂಪು ಮಾಡೋಣ ಅನ್ನುವ ಆಸೆ ಬಂದರೆ ಓವನ್ ಹತ್ತಿರ ತರಬೇಡಿ. ಚಕ್ರ, ಬ್ರೇಕು, ಸ್ಟೀರಿಂಗಿನ ಭಾಗಗಳನ್ನು ನಾನಂತೂ ಮನೆಯಲ್ಲಿ ಮುಟ್ಟುವುದಿಲ್ಲ. ಬಣ್ಣಕ್ಕಾಗಿ ಜೀವದ ಜೊತೆ ಆಟ ಯಾಕೆ.

ಹೊಸ ಗ್ಯಾಸ್ಕೆಟ್ ಹಾಕಿ ಕವರ್ ಕೂರಿಸಿದೆ. ಬ್ಲಾಸ್ಟಿಂಗ್ ಮಾಡಿಸಿ ಕಪ್ಪು ಹಾಕಿದ್ದ ಆಲ್ಟರ್ನೇಟರಿನ ಬ್ರಾಕೆಟ್ಟು, ಬೆಲ್ಟ್ ಬಿಗಿ ಮಾಡುವ ಪಟ್ಟಿ ಕೂಡ ಹಾಕಿದೆ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಎಣ್ಣೆ ಒಂದು ಹನಿ ಹೊರಗಿಲ್ಲ. ಅಪ್ಪ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ನೋಡಿ "ಕುಂಕುಮ ಬಳದಂಗಾತು" ಅಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ಆದರೆ ಅವತ್ತು ಎರಡು ಸಲ ಬಾನೆಟ್ ಎತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಎರಡು ದಿನ ಬಿಟ್ಟು ರಾತ್ರಿ ಗೋವಾವೇಸ್ ಕಡೆಯಿಂದ ಮಳೆಯಲ್ಲಿ ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಮಿಣಿಮಿಣಿ ಅನ್ನತೊಡಗಿತು. ಹೆಡ್‌ಲೈಟ್, ವೈಪರ್ ಎರಡೂ ಹಾಕಿದರೆ ಇನ್ನೂ ಜೋರು. ಆಲ್ಟರ್ನೇಟರ್ ಹೋಯಿತು ಅಂತ ಅಪ್ಪನ ತೀರ್ಮಾನ. ಮರುದಿನ ಎಂಜಿನ್ ಓಡುವಾಗ ಬ್ಯಾಟರಿ ಅಳೆದರೆ 12.3 ವೋಲ್ಟ್, ಇರಬೇಕಾದದ್ದು 14ರ ಆಸುಪಾಸು. ಆಲ್ಟರ್ನೇಟರ್ ಬಿಚ್ಚುವ ಮೊದಲು ಯಾಕೋ ಆ ಕೊಕ್ಕೆ ನೆನಪಾಯಿತು. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಹಿಡಿದೆ. ಸೊನ್ನೆಯ ಹತ್ತಿರ ಇರಬೇಕು, ಒಂದೂವರೆ ವೋಲ್ಟ್ ತೋರಿಸಿತು.

ಆಲ್ಟರ್ನೇಟರಿನ ಅರ್ಥ್ ಅದರ ಮೈಯಿಂದ ಬ್ರಾಕೆಟ್ಟಿಗೆ, ಬ್ರಾಕೆಟ್ಟಿನಿಂದ ಎಂಜಿನ್ನಿಗೆ ಹೋಗುತ್ತದೆ. ಅದಕ್ಕೆ ಬೇರೆ ವೈರ್ ಇಲ್ಲ. ನಾನು ಬ್ರಾಕೆಟ್ಟಿನ ಕಿವಿಗಳಿಗೆ, ಎಂಜಿನ್ನಿಗೆ ಒತ್ತಿ ಕೂರುವ ಮುಖಕ್ಕೆ, ಎಲ್ಲ ಕಡೆ ನೀಟಾಗಿ ಕಪ್ಪು ಪ್ಲಾಸ್ಟಿಕ್ ಬೇಯಿಸಿ ಇಟ್ಟಿದ್ದೆ. ಬೋಲ್ಟಿನ ಮರೆಯ ಮೂಲಕ ಹೇಗೋ ಅಷ್ಟಿಷ್ಟು ಕರೆಂಟು ಹಾಯುತ್ತಿತ್ತು, ಅಷ್ಟೆ.

ಬ್ರಾಕೆಟ್ ಬಿಚ್ಚಿ, ಅರದಿಂದ ಒತ್ತಿ ಕೂರುವ ಮುಖಗಳನ್ನೆಲ್ಲ ಬೆಳ್ಳಗೆ ಕಾಣುವ ತನಕ ಉಜ್ಜಿದೆ. ಉಜ್ಜಲು ಎಷ್ಟು ಹೊತ್ತು ಬೇಕಾಯಿತು ಅಂದರೆ, ಬಣ್ಣ ಚೆನ್ನಾಗಿ ಬೆಂದಿದೆ ಅನ್ನುವುದಕ್ಕೆ ಥಿನ್ನರ್ ಬಟ್ಟೆಯ ಪರೀಕ್ಷೆಯೇ ಬೇಡವಾಗಿತ್ತು. ಮತ್ತೆ ಬಿಗಿದು ಚಾಲೂ ಮಾಡಿದಾಗ 14.1. ಉಜ್ಜಿದ ಜಾಗದ ಸುತ್ತ ಮಳೆಯ ತೇವಕ್ಕೆ ತುಕ್ಕು ಹಿಡಿಯದಿರಲಿ ಅಂತ ತುಸು ಪೆಟ್ರೋಲಿಯಂ ಜೆಲ್ಲಿ ಹಚ್ಚಿದ್ದೇನೆ. ದಸರೆಗೆ ಗಾಡಿ ತೊಳೆಯುವಾಗ ಒಮ್ಮೆ ಬಿಚ್ಚಿ ನೋಡಬೇಕು.